ಸಹಾಯ ಬೇಕು: ಯೂಸಿ ಅರ್ಜಿಯ ನಾಯಕತ್ವದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಗಳು ಹನ್ನೆರಡನೇ ತರಗತಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ (ಯೂಸಿ) ಫ್ರೆಶ್‌ಮನ್, ಅಂದರೆ ಪದವಿಯ ಮೊದಲ ವರ್ಷದ, ಅರ್ಜಿ ತುಂಬುತ್ತಿದ್ದಾಳೆ. ಅವರು ಪ್ರವೇಶಕ್ಕೆ ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಅಂಕ ನೋಡುವುದಿಲ್ಲ, ಹಾಗಾಗಿ ಬರಹಕ್ಕೆ ತೂಕ ಜಾಸ್ತಿ ಅಲ್ವಾ? ಅರ್ಜಿಯಲ್ಲಿ ಕೊಟ್ಟ 8 ಬರಹದ ಪ್ರಶ್ನೆಗಳಲ್ಲಿ 4 ಆರಿಸಿಕೊಂಡು, ಒಂದೊಂದಕ್ಕೂ 350 ಪದದೊಳಗೆ ಉತ್ತರಿಸಬೇಕು.

ನಾಯಕತ್ವದ ಪ್ರಶ್ನೆ ಒಂದೇ ಬಾಕಿ. ಅವಳು ಯಾವ ಕ್ಲಬ್ಬಿಗೂ ಅಧ್ಯಕ್ಷೆಯಲ್ಲ. ಶಾಲೆಯಿಂದ ಬಂದು ತಮ್ಮನಿಗೆ ಲೆಕ್ಕ ಹೇಳಿಕೊಡುತ್ತಾಳೆ. ಅಜ್ಜಿಯ ಜೊತೆ ಕ್ಲಿನಿಕ್ಕಿಗೆ ಹೋಗಿ, ಡಾಕ್ಟರ್ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ವಿವರಿಸುತ್ತಾಳೆ, ಮಾತ್ರೆ ಡಬ್ಬಿಯ ಮೇಲೆ ಬೆಳಗ್ಗೆ, ರಾತ್ರಿ ಎಂದು ಬರೆದಿಡುತ್ತಾಳೆ. ಮನೆಯವರನ್ನು ನೋಡಿಕೊಳ್ಳುವುದನ್ನೂ ಬರೆಯಬಹುದು ಎಂದು ಪ್ರಶ್ನೆಯ ಜೊತೆಗಿನ ಸೂಚನೆಯಲ್ಲೇ ಇದೆ. ನನಗಂತೂ ಇದೇ ಸರಿ ಅನಿಸುತ್ತದೆ, ಅವಳಿಗೆ ಧೈರ್ಯ ಸಾಲದು.

ನಿಮ್ಮ ಮಕ್ಕಳು ಯಾರಾದರೂ ಹೀಗೆ ಬರೆದಿದ್ದರೆ, ಹೇಗೆ ಶುರು ಮಾಡಿದರು, ಏನು ಬಿಟ್ಟರು ಎಂದು ದಯವಿಟ್ಟು ತಿಳಿಸಿ. ನವೆಂಬರ್‌ನಲ್ಲೇ ಕಳಿಸಿಬಿಡಬೇಕು ಅಂತಿದ್ದೇವೆ.