ಅಪ್‌ಡೇಟ್: ನಿವೃತ್ತರ ಬಳಗಕ್ಕೆ ಜನ ಬರುವುದು ಕಡಿಮೆಯಾದ ವಿಚಾರ

ನಮ್ಮ ಬಡಾವಣೆಯ ನಿವೃತ್ತರ ಬಳಗದಲ್ಲಿ ಹಾಜರಾತಿ ಕುಸಿಯುತ್ತಿದೆ, ಹೊಸಬರು ಒಮ್ಮೆ ಬಂದವರು ಮತ್ತೆ ಬರುವುದಿಲ್ಲ, ಏನು ಮಾಡಬಹುದು ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನಿಮ್ಮಲ್ಲೊಬ್ಬರು ಸೂಚಿಸಿದ್ದ ‘ಯೂನಿವರ್ಸಿಟಿ ಆಫ್ ದಿ ಥರ್ಡ್ ಏಜ್’, ಅಂದರೆ ನಿವೃತ್ತರ ಕಲಿಕೆಯ ಕೂಟಗಳ ಮಾದರಿ ನಮಗೆ ಬಹಳ ಉಪಯೋಗವಾಯಿತು. 1973ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಆರಂಭವಾದ ಈ ಚಳವಳಿ, 1980ರ ದಶಕದ ಆರಂಭದಲ್ಲಿ ಬ್ರಿಟನ್ನಿಗೆ ಬಂದಾಗ, ಸದಸ್ಯರೇ ಒಬ್ಬರಿಗೊಬ್ಬರು ಕಲಿಸುವ, ಪರೀಕ್ಷೆ ಪದವಿಗಳ ಗೊಡವೆಯಿಲ್ಲದ ಸಣ್ಣ ಗುಂಪುಗಳ ರೂಪ ತಾಳಿತು. ನಾವೂ ವಾರದ ದೊಡ್ಡ ಸಭೆಯನ್ನು ತಿಂಗಳಿಗೊಮ್ಮೆಗೆ ಇಳಿಸಿ, ಚದುರಂಗ, ಓದು, ನಡಿಗೆ, ಮೊಬೈಲ್ ಬಳಕೆ ಎಂದು ಆಸಕ್ತಿಗೆ ತಕ್ಕ ಗುಂಪುಗಳನ್ನು ಮಾಡಿಕೊಂಡೆವು.

ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಕಿವಿಯ ವಿಚಾರ. ಬಿಟ್ಟುಹೋದವರನ್ನು ಮನೆಗೆ ಹೋಗಿ ಮಾತನಾಡಿಸಿದಾಗ, ಗದ್ದಲದ ನಡುವೆ ಮಾತು ಕೇಳಿಸದೆ ಸುಮ್ಮನೆ ತಲೆಯಾಡಿಸುತ್ತ ಕೂರುವುದೇ ಹಲವರಿಗೆ ಬೇಸರ ತಂದಿತ್ತೆಂದು ತಿಳಿಯಿತು. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕುಗ್ಗುವುದು ಕೀಚಲು ಸದ್ದುಗಳನ್ನು ಗ್ರಹಿಸುವ ಶಕ್ತಿ. ‘ಸ’ಕಾರದಂಥ ವ್ಯಂಜನಗಳು ಮಸುಕಾಗುವುದರಿಂದ, ಸದ್ದು ಕೇಳಿಸಿದರೂ ಮಾತು ಸ್ಪಷ್ಟವಾಗಿ ತಿಳಿಯುವುದಿಲ್ಲ. ಈಗ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕುತ್ತೇವೆ, ಮಾತನಾಡುವವರ ಮುಖದ ಮೇಲೆ ಬೆಳಕು ಬೀಳುವಂತೆ ನೋಡಿಕೊಳ್ಳುತ್ತೇವೆ, ಒಬ್ಬರು ಮುಗಿಸಿದ ಮೇಲೆಯೇ ಇನ್ನೊಬ್ಬರು ಆರಂಭಿಸುತ್ತಾರೆ. ಇದೇ ಕಾರಣಕ್ಕೆ ದೂರವಾಗಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಇಂದು ಓದಿನ ಗುಂಪನ್ನು ತಾವೇ ಮುನ್ನಡೆಸುತ್ತಿದ್ದಾರೆ. ನನಗೆ ಇದು ಅತ್ಯಂತ ಸಂತೋಷದ ಸಂಗತಿ.

ನಡಿಗೆಯ ಗುಂಪು ಮಾತ್ರ ಇನ್ನೂ ನೆಲೆ ನಿಂತಿಲ್ಲ. ಬಿರುಸಾಗಿ ನಡೆಯುವವರು ಮುಂದೆ ಹೋಗಿಬಿಡುವುದರಿಂದ ಮೊಣಕಾಲು ನೋವಿನವರು ಒಂಟಿಯಾಗುತ್ತಾರೆ. ಇದನ್ನು ಸರಿಪಡಿಸಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ.