ಸಣ್ಣಕಥೆಯನ್ನು ಚಿತ್ರಕಥೆ ಮಾಡೋದು ಕಲಿಯಬೇಕು, ಕೋರ್ಸ್ ಸೇರಲಾ? ಅನುಭವ ಇದ್ದವರು ಹೇಳಿ

ಬೆಣ್ಣೆದೋಸೆ (ಪ್ರಶ್ನೆ): ಬ್ಯಾಂಕ್ ಕೆಲಸ, ವಯಸ್ಸು 34. ಹನ್ನೆರಡು ಪುಟದ ಒಂದು ಕಥೆ ಎಷ್ಟೋ ವರ್ಷದಿಂದ ತಲೆಯಲ್ಲಿ ಕೂತಿದೆ. ಅದನ್ನು ಸಿನಿಮಾಕ್ಕೆ ಬರೆಯೋ ಆಸೆ. ತೊಂದರೆ ಏನಂದ್ರೆ, ಕಥೆ ಪೂರ್ತಿ ಒಬ್ಬ ಮುದುಕಿಯ ಮನಸ್ಸಿನೊಳಗೇ ನಡೆಯುತ್ತದೆ. ಲೇಖಕರು ತೀರಿಕೊಂಡು ಎಂಟು ವರ್ಷ ಆಯ್ತು. ಕೈಯಲ್ಲಿ 40 ಸಾವಿರ ಇದೆ. ಕೋರ್ಸ್ ಸೇರಲಾ, ಸುಮ್ನೆ ಬರೆಯೋಕೆ ಕೂರಲಾ?

ಮಂಡಗದ್ದೆ ಹಕ್ಕಿ: ಕೋರ್ಸ್ ಆಮೇಲೆ, ಮೊದಲು ಕಥೆಯನ್ನು ಸಿನಿಮಾ ಮಾಡೋ ಹಕ್ಕು. ನನ್ನ ಕಥೆ ಕೇಳಿ. 2016ರಲ್ಲಿ ಒಂದು ಕಾದಂಬರಿಗೆ ಲೇಖಕರಿಗೆ 25,000 ಕೊಟ್ಟೆ. ನೂರು ರೂಪಾಯಿ ಛಾಪಾ ಕಾಗದದಲ್ಲಿ ಆರು ಸಾಲು, ಕೆಳಗೆ ಸಹಿ. ಅವರ ಮನೆಯಲ್ಲೇ ಊಟ, ಕಡುಬು ಬೇರೆ. ಆರು ವರ್ಷದಲ್ಲಿ ಹನ್ನೊಂದು ಸಲ ತಿದ್ದಿ ಬರೆದೆ. ಡಿಟಿಪಿಗೆ ಪುಟಕ್ಕೆ 18 ರೂಪಾಯಿಯಂತೆ ಹನ್ನೊಂದು ಸಲವೂ ದುಡ್ಡು. ಕಥೆ ಹೇಳೋಕೆ ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ಕಡಿಮೆ ಅಂದ್ರೂ ಮೂವತ್ತು ಸಲ. 2022ರಲ್ಲಿ ಕೊನೆಗೂ ಒಬ್ಬ ನಿರ್ಮಾಪಕರು ಒಪ್ಪಿದರು. ಅವರ ವಕೀಲರು ನನ್ನ ಕಾಗದ ನೋಡಿ ನಕ್ಕರು. ಎಷ್ಟು ವರ್ಷಕ್ಕೆ ಅಂತ ಬರೆಸಿಯೇ ಇರಲಿಲ್ಲ. ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದೇ ವರ್ಷ ಅಂತ ಹಿಡಿಯುತ್ತದೆ. ಅಷ್ಟರಲ್ಲಿ ಲೇಖಕರು ಹೋಗಿದ್ದರು, ಮಕ್ಕಳು ಬೇರೆಯವರಿಗೆ ಮಾರಿದ್ದರು. ಆ ಹನ್ನೊಂದು ಕಟ್ಟು ಅಟ್ಟದ ಮೇಲಿದೆ. ಗೆದ್ದಲು ಎರಡನ್ನು ಓದಿ ಮುಗಿಸಿದೆ.

ಕೇಬಲ್ ಕುಮಾರ: ಲೇಖಕರು ತೀರಿಕೊಂಡರೆ ಕಥೆ ಎಲ್ಲರದ್ದೂ ಅಲ್ವಾ ಸಾರ್? ಸುಮ್ನೆ ಹೆದರಿಸಬೇಡಿ.

ಮಂಡಗದ್ದೆ ಹಕ್ಕಿ: ಎಲ್ಲರದ್ದೂ ಆಗೋಕೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಆಗಬೇಕು. ಮಾಸ್ತಿ ಹೋದದ್ದು 1986ರಲ್ಲಿ. ಅವರ ಕಥೆ ಕೂಡ 2046 ಮುಗಿಯೋವರೆಗೆ ಮನೆಯವರದ್ದೇ. ದುಡ್ಡಿಲ್ಲದೆ ಕೈ ಪಳಗಿಸಬೇಕಾ? ಪಂಜೆ ಮಂಗೇಶರಾಯರ ಕಥೆ ತಗೊಳ್ಳಿ. ಅವರು ಹೋದದ್ದು 1937ರಲ್ಲಿ.

ಒಗ್ಗರಣೆ ಡಬ್ಬಿ: ನಾನು ಕೋರ್ಸ್ ಮಾಡಿದವಳು. ಹನ್ನೆರಡು ವಾರಾಂತ್ಯ, 65,000. ಮನೆಯವರಿಗೆ 45 ಅಂತ ಹೇಳಿದ್ದೆ. ಮೊದಲ ಐದು ವಾರ ಬರೀ ಹಾಲಿವುಡ್. ಮಗನನ್ನು ಅಮ್ಮನ ಹತ್ತಿರ ಬಿಟ್ಟು, ಮೈಸೂರಿನಿಂದ ಮುಂಜಾನೆ ರೈಲು ಹಿಡಿದು, ಕಥೆಯನ್ನು ಮೂರು ಭಾಗ ಮಾಡೋ ಅವರ ‘ಮೂರು ಅಂಕ’ದ ಪಾಠ ಕೇಳೋಕೆ ಹೋಗುತ್ತಿದ್ದೆ. ಅತ್ತುಕೊಂಡು ವಾಪಸ್ ಬಂದದ್ದೂ ಇದೆ. ಆರನೇ ವಾರ ಒಬ್ಬ ಮೇಷ್ಟ್ರು ಬಂದರು. ಕಥೆಯಲ್ಲಿ ಕಣ್ಣಿಗೆ ಕಾಣೋದು, ಕಿವಿಗೆ ಕೇಳೋದು ಇವಕ್ಕೆ ಮಾತ್ರ ಅಡಿಗೆರೆ ಹಾಕಿ ಅಂದರು. ನನ್ನದು ಒಬ್ಬ ಮುದುಕರ ಕಥೆ, ಒಂಬತ್ತು ಪುಟ. ಅದರಲ್ಲಿ ನನಗೆ ಸಿಕ್ಕಿದ್ದು ಹನ್ನೊಂದು ಸಾಲು. ಮಿಕ್ಕಿದ್ದೆಲ್ಲ ‘ಅವರಿಗೆ ಅನ್ನಿಸಿತು’, ‘ಅವರಿಗೆ ನೆನಪಾಯಿತು’. ಹೆಂಡತಿ ಹೋದದ್ದನ್ನು ಅವರ ಮನಸ್ಸು ಒಪ್ಪಿರಲಿಲ್ಲ ಅಂತ ಒಂದು ಸಾಲಿತ್ತು. ಮೂರು ವಾರ ಒದ್ದಾಡಿ ಆ ಮುದುಕರನ್ನು ರೇಷನ್ ಅಂಗಡಿ ಕ್ಯೂನಲ್ಲಿ ನಿಲ್ಲಿಸಿದೆ. ಕಾರ್ಡಿನಿಂದ ಹೆಂಡತಿಯ ಹೆಸರು ತೆಗೆಸಿಲ್ಲ. ಅಂಗಡಿಯವನು ಇಬ್ಬರ ಅಕ್ಕಿ ಅಳೆಯುತ್ತಾನೆ, ಇವರು ಸುಮ್ಮನೆ ಚೀಲ ಹಿಡಿಯುತ್ತಾರೆ. ಮಾತೇ ಇಲ್ಲ. ಆ ಒಂದು ಸೀನಿಗೆ 65,000 ಕೊಟ್ಟೆ ಅಂದುಕೊಂಡಿದ್ದೇನೆ.

ರಿವೈಂಡ್ ಬಟನ್: ಮೇಡಂ, ಸೀನ್ ಚೆನ್ನಾಗಿದೆ. ಅದಕ್ಕೆ 65 ಸಾವಿರ ಬೇಕಿತ್ತಾ? ನಾನು ಖರ್ಚು ಮಾಡಿದ್ದು 200 ಪುಟದ ನೋಟ್‌ಬುಕ್ಕಿಗೆ ಅರವತ್ತು ರೂಪಾಯಿ. ಪಕ್ಕದಲ್ಲಿ ಕಥೆ, ಎದುರಿಗೆ ಸಿನಿಮಾ. ಸೀನ್ ಮುಗಿದ ತಕ್ಷಣ ನಿಲ್ಲಿಸಬೇಕು, ಎರಡು ಸಾಲು ಬರೆಯಬೇಕು. ಕಥೆಯಲ್ಲಿ ಇಲ್ಲದ್ದಕ್ಕೆ ಕೆಂಪು ಪೆನ್ನು. ‘ಗುಲಾಬಿ ಟಾಕೀಸು’ ಮಾಡಿದಾಗ ಪೆನ್ನೇ ಖಾಲಿಯಾಯ್ತು. ವೈದೇಹಿಯವರ ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಕಾಸರವಳ್ಳಿ ಸಿನಿಮಾದಲ್ಲಿ ಗುಲಾಬಿಯ ಮನೆಗೇ ಟಿವಿ ಬರುತ್ತದೆ, ಕಾಲವೂ ಕಾರ್ಗಿಲ್ ಯುದ್ಧದ್ದು. ಇದನ್ನು ಯಾವ ಕೋರ್ಸೂ ಕಲಿಸಲ್ಲ. ಹೀಗೇ ಏಳು ಸ್ಕ್ರಿಪ್ಟ್ ಬರೆದಿದ್ದೇನೆ.

ಒಗ್ಗರಣೆ ಡಬ್ಬಿ: ಏಳರಲ್ಲಿ ತೆರೆಗೆ ಬಂದದ್ದು ಎಷ್ಟು ಸಾರ್?

ರಿವೈಂಡ್ ಬಟನ್: ನಿಮ್ಮದು ಎಷ್ಟು ಬಂತು ಅಂತ ನಾನು ಕೇಳಿದೆನಾ?

ಒಗ್ಗರಣೆ ಡಬ್ಬಿ: ಕೇಳಿ. 22 ನಿಮಿಷದ ಕಿರುಚಿತ್ರ ಆಗಿದೆ. ಅಕ್ಕಿ ಅಳೆದವರು ನಮ್ಮ ಮಾವನವರೇ.

ದುರ್ಗದ ಹುಲಿ: ಕಥೆಯನ್ನು ಹೀಗೆ ಕೆಂಪು ಪೆನ್ನಲ್ಲಿ ಕೊಲ್ಲೋರಿಗೆ ಚಪ್ಪಾಳೆ ಬೇರೆ. ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ತರಾಸು ನೊಂದುಕೊಂಡಿದ್ದು ಮರೆತುಹೋಯ್ತಾ?

ರಿವೈಂಡ್ ಬಟನ್: ಅಣ್ಣಾ, ಅದು ಒಂದು ಕಾದಂಬರಿ ಅಲ್ಲ, ಮೂರು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನ್ನು ಒಂದು ಸಿನಿಮಾಕ್ಕೆ ಇಳಿಸುವಾಗ ಏನೂ ಬಿಡಬಾರದು ಅಂದ್ರೆ ಹೇಗೆ? 1972ರಿಂದ ಇವತ್ತಿನವರೆಗೂ ಜನ ನೋಡುತ್ತಿದ್ದಾರೆ.

ದುರ್ಗದ ಹುಲಿ: ಜನ ನೋಡೋದು ಕೋಟೆಯನ್ನು. ಆ ಕೋಟೆ ನಮ್ಮೂರದ್ದು. ನೀವು ಮೊದಲು ಕಾದಂಬರಿ ಓದಿ ಬನ್ನಿ.

ರಿವೈಂಡ್ ಬಟನ್: ಮೂರೂ ಓದಿದ್ದೇನೆ. ಎರಡು ಸಲ.

ಒತ್ತಕ್ಷರ: ಜಗಳದ ಮಧ್ಯೆ ಒಂದು ಮಾತು. ಸ್ಕ್ರಿಪ್ಟ್ ಬರೆಯೋ ತಂತ್ರಾಂಶ ಅಂತ 14 ಸಾವಿರ ಕೊಟ್ಟು ತಗೊಂಡೆ. ಪಿಡಿಎಫ್ ಮಾಡಿದರೆ ಒತ್ತಕ್ಷರ ಎಲ್ಲ ಕಳಚಿ ಬಿತ್ತು. ‘ಅಜ್ಜ’ ಹೋಗಿ ‘ಅಜಜ’ ಆದ. ನಿರ್ದೇಶಕರು ಮೂರನೇ ಪುಟದಲ್ಲೇ ಫೈಲ್ ಮುಚ್ಚಿದರು. ಈಗ ಮಾಮೂಲಿ ಡಾಕ್ಯುಮೆಂಟಿನಲ್ಲಿ ಯೂನಿಕೋಡಲ್ಲೇ ಬರೆಯುತ್ತೇನೆ. ಸ್ಕ್ರಿಪ್ಟಿನ ಒಂದು ಪುಟ ಅಂದ್ರೆ ತೆರೆ ಮೇಲೆ ಒಂದು ನಿಮಿಷ ಅನ್ನೋ ಲೆಕ್ಕವೂ ನನ್ನ ಕನ್ನಡ ಪುಟಕ್ಕೆ ಹೊಂದಲಿಲ್ಲ. ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ ನೋಡುತ್ತೇನೆ. ಹೆಂಡತಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಬೆಣ್ಣೆದೋಸೆ: ಎಲ್ಲರಿಗೂ ಥ್ಯಾಂಕ್ಸ್. ಮುದುಕಿಯ ವಿಷಯ ನೇರವಾಗಿ ಯಾರೂ ಹೇಳಲಿಲ್ಲ, ಇರಲಿ. ಅಡಿಗೆರೆ ಹಾಕಿ ನೋಡಿದೆ. ಹನ್ನೆರಡು ಪುಟಕ್ಕೆ ನಾಲ್ಕೇ ಸಾಲು. ಅದರಲ್ಲಿ ಮೂರು ಮಳೆ. ಲೇಖಕರ ಮಗಳ ನಂಬರ್ ಸಿಕ್ಕಿದೆ, ಭಾನುವಾರ ಹೋಗುತ್ತಿದ್ದೇನೆ.

ಮಂಡಗದ್ದೆ ಹಕ್ಕಿ: ಒಬ್ಬರೇ ಮಗಳಾ? ಅಣ್ಣತಮ್ಮಂದಿರು ಇದ್ದಾರಾ ಕೇಳಿ. ಎಲ್ಲರ ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಅಂಕಿಯಲ್ಲೂ ಬರೆಸಿ, ಅಕ್ಷರದಲ್ಲೂ ಬರೆಸಿ. ಕಡುಬು ಕೊಟ್ಟರೆ ಸಹಿ ಆದ ಮೇಲೆ ತಿನ್ನಿ.

ದುರ್ಗದ ಹುಲಿ: ಎರಡು ಸಲ ಓದಿದವರು ಹಾಗೆ ಮಾತಾಡಲ್ಲ.