ಅಪ್‌ಡೇಟ್: ಮನೆ ಮಾರಾಟವಾಯ್ತು, ನಾನು ಮೊದಲು ಹೇಳಿದ ಬೆಲೆಗಲ್ಲ

ಚೌಕಾಸಿಗೆ ಜಾಗ ಇರಲಿ ಅಂತ ಮನೆಗೆ ಶೇ. 10ರಷ್ಟು ಜಾಸ್ತಿ ಬೆಲೆ ಹೇಳಬಹುದಾ ಅಂತ ಕೇಳಿದ್ದೆ, ನೆನಪಿದೆಯಾ? ಬೇಡ ಅಂದಿದ್ದಿರಿ. ನಾನು ನಿಮ್ಮ ಮಾತು ಕೇಳಲಿಲ್ಲ.

ಮೊದಲ ವಾರ ಜನ ಬಂದರು. ಒಬ್ಬರು ಸಿಂಕ್ ಕೆಳಗಿನ ಬಾಗಿಲು ತೆಗೆದು, ನೀರಿನ ಕಲೆಯನ್ನು ಬೆರಳಲ್ಲಿ ಉಜ್ಜಿ, ಹೆಂಡತಿಯ ಮುಖ ನೋಡಿದರು. ಮಾತೇ ಇಲ್ಲ. ಮೂರನೇ ವಾರಕ್ಕೆ ಫೋನ್ ಕೂಡ ಸುಮ್ಮನಾಯ್ತು.

ಆಗ ತಪ್ಪು ಗೊತ್ತಾಯ್ತು. ನಾನು ನೋಡಿದ್ದು ಅಕ್ಕಪಕ್ಕದವರು ಕೇಳುತ್ತಿದ್ದ ಬೆಲೆ, ನಿಜವಾಗಿ ಮಾರಾಟವಾದ ಬೆಲೆಯಲ್ಲ. ಕೇಳೋದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು, ಅಲ್ವಾ? ಇತ್ತೀಚೆಗೆ ಮಾರಾಟವಾದ, ನಮ್ಮಷ್ಟೇ ದೊಡ್ಡದಾದ, ನಮ್ಮಷ್ಟೇ ಹಳೆಯದಾದ ಮೂರು ಮನೆಗಳ ಲೆಕ್ಕ ತೆಗೆದಾಗ ನನ್ನದು ತುಂಬಾ ಮೇಲಿತ್ತು.

ಸ್ವಲ್ಪ ಸ್ವಲ್ಪವೇ ಇಳಿಸಿದರೆ 'ಇನ್ನೂ ಇಳಿಸ್ತಾರೆ, ಕಾಯೋಣ' ಅಂತಾರೆ. ಅದಕ್ಕೇ ಒಂದೇ ಸಲ ಶೇ. 9 ಇಳಿಸಿದೆ. ಒಂದು ದುಂಡು ಸಂಖ್ಯೆಗಿಂತ ಚೂರು ಕೆಳಗೇ ಇಟ್ಟೆ. ಆನ್‌ಲೈನ್‌ನಲ್ಲಿ ಹುಡುಕುವವರು 'ಇಷ್ಟರೊಳಗೆ' ಅಂತ ಮಿತಿ ಹಾಕ್ತಾರಲ್ಲ, ಅದರಾಚೆ ಇದ್ದರೆ ನಮ್ಮ ಮನೆ ಅವರ ಕಣ್ಣಿಗೇ ಬೀಳೋದಿಲ್ಲ. ಸಿಂಕ್ ಸೋರಿಕೆಯನ್ನೂ ರಿಪೇರಿ ಮಾಡಿಸಿ, ಬಂದವರಿಗೆ ನಾನೇ ಮೊದಲು ಹೇಳಿದೆ.

10 ದಿನದಲ್ಲಿ ಇಬ್ಬರು ಮುಂದೆ ಬಂದರು. ಜಾಸ್ತಿ ಕೊಡ್ತೀನಿ ಅಂದವರು ಮೊದಲು ತಮ್ಮ ಮನೆ ಮಾರಬೇಕಿತ್ತು. ಇನ್ನೊಬ್ಬರಿಗೆ ಸಾಲ ಆಗಲೇ ಮಂಜೂರಾಗಿತ್ತು, ಕೊಟ್ಟದ್ದು ಸ್ವಲ್ಪ ಕಮ್ಮಿ. ಅವರಿಗೇ ಕೊಟ್ಟೆ. ಅಮ್ಮನಿಗೆ ಮಾತ್ರ ಇನ್ನೂ ಸಿಟ್ಟು. ಕಾಗದಪತ್ರ ಮುಗಿದಿದೆ, ಮುಂದಿನ ವಾರ ಬೀಗದ ಕೈ ಕೊಡ್ತೀವಿ.